ಭೀಮಬಾಯಿಯ ಐಬಿನ ಮರಿಗಳು

ಎಕಂಬಾದಲ್ಲಿ ಯಾರ ಮನೆಯ ಕುರಿ ಈದರೂ ಸರಿ, ಮರಿಯ ಬಾಲದಲ್ಲಿ ಏನಾದರೂ ಐಬು ಕಂಡರೆ ಅದು ಕೊನೆಗೆ ಬಂದು ಸೇರುವುದು ನಮ್ಮ ದೊಡ್ಡವ್ವ ಭೀಮಬಾಯಿಯ ದೊಡ್ಡಿಗೆ. ಐಬು ಎಂದರೆ ಈ ಕಡೆ ಕುಂದು, ಊನ. ಐಬಿನ ಮರಿಯನ್ನು ದೇವರಿಗೆ ಬಿಡುವುದಿಲ್ಲ. ಬಕ್ರೀದಿಗೆ ಯಾರೂ ಕೊಳ್ಳುವುದಿಲ್ಲ. ಅಣ್ಣತಮ್ಮಂದಿರು ಹಿಂಡು ಹಂಚಿಕೊಳ್ಳುವಾಗ ಅದನ್ನು ಯಾರ ಪಾಲಿಗೂ ಹಿಡಿಯುವುದಿಲ್ಲ. ಹಾಗಂತ ಕೈಯಾರೆ ಕೊಲ್ಲುವುದಕ್ಕೂ ಮನಸ್ಸು ಬರಬೇಕಲ್ಲ. ಗೋಣಿಚೀಲದಲ್ಲಿ ಸುತ್ತಿ ತಂದು, ಜಾಲಿಮುಳ್ಳಿನ ಬೇಲಿಯ ಹತ್ತಿರ ಇಟ್ಟು, "ಭೀಮಕ್ಕಾ, ಇನ್ನೊಂದು ಬಂದದ ನೋಡು" ಎಂದು ಕೂಗಿ, ಅವಳು ಹೊರಗೆ ಬರುವುದರೊಳಗೆ ಹೊರಟುಬಿಡುತ್ತಾರೆ.

ಅವಳು ನನ್ನ ಗಂಡ ಅಮೋಲನ ದೊಡ್ಡಪ್ಪನ ಹೆಂಡತಿ. ನಾನು ಮದುವೆಯಾಗಿ ಎಕಂಬಾಕ್ಕೆ ಬಂದ ಹೊಸದರಲ್ಲಿ ಆ ದೊಡ್ಡಿ ನೋಡಿ ನಕ್ಕಿದ್ದೆ. ಒಂದರ ಬಾಲ ಕುಡಗೋಲಿನಂತೆ ಮೇಲಕ್ಕೆ ಬಾಗಿತ್ತು. ಒಂದರ ಬಾಲದ ನಡುವೆ ಹುಣಸೆಬೀಜದಂಥ ಗಂಟು. ಒಂದು ಮೇಕೆಯ ಬಾಲ ತುದಿಯಲ್ಲಿ ಎರಡಾಗಿ ಸೀಳಿತ್ತು, ಖುಷಿಯಾದಾಗ ಎರಡನ್ನೂ ಬೇರೆಬೇರೆ ಅಲ್ಲಾಡಿಸುತ್ತಿತ್ತು. ಒಂದು ಮುದಿ ಕುರಿಯ ಬಾಲ ಯಾವಾಗಲೂ ಎಡಕ್ಕೇ ತಿರುಗಿಕೊಂಡಿರುತ್ತಿತ್ತು, ಪಕ್ಕದ ಮನೆಯ ಮಾತು ಕೇಳುತ್ತಿರುವ ಹಾಗೆ. ಇನ್ನು ಕೆಲವಕ್ಕೆ ಬಾಲವೇ ಇಲ್ಲ, ಇದ್ದ ಕಡೆ ಬೋರೆಹಣ್ಣಿನಷ್ಟು ಒಂದು ಗುಬುಟು. ಬಾಲವಿಲ್ಲದ ಜೀವಕ್ಕೆ ನೊಣ ಓಡಿಸಲು ಬರುವುದಿಲ್ಲ. ಆದ್ದರಿಂದ ಮಳೆಗಾಲ ಹಿಡಿದ ದಿನದಿಂದ ದಸರಾ ಮುಗಿಯುವ ತನಕ ದೊಡ್ಡವ್ವ ಸಂಜೆಯಾದರೆ ಬೇವಿನೆಣ್ಣೆಯ ಬಟ್ಟೆ ಹಿಡಿದು ಒಂದೊಂದರ ಹಿಂದೆ ಕೂರುತ್ತಿದ್ದಳು. ಅವಳ ಸೀರೆ, ಕೂದಲು, ಕೈ ಎಲ್ಲ ಬೇವಿನೆಣ್ಣೆಯ ವಾಸನೆ. ಬಸ್ಸಿನಲ್ಲಿ ಪಕ್ಕ ಕೂತವರು ಮುಖ ಕಿಟಕಿಗೆ ಮಾಡುತ್ತಾರೆ.

ಬಕ್ರೀದಿಗೆ ಮುಂಚೆ ಬೀದರದಿಂದ ಖಾಜಾ ಮಿಯಾ ಟಗರು ಕೊಳ್ಳಲು ಬರುತ್ತಾರೆ. ಹಲ್ಲು, ಕೊಂಬು, ಕಿವಿ, ಬಾಲ ಎಲ್ಲ ಮುಟ್ಟಿ ನೋಡಿಯೇ ಮಾತಿಗೆ ಇಳಿಯುವ ಮನುಷ್ಯ. ಹೋದ ವರ್ಷ ನಾನು ಅಲ್ಲೇ ಇದ್ದೆ. ಅವರು ಅಭ್ಯಾಸಬಲದಿಂದ ದೊಡ್ಡವ್ವನ ಒಂದು ಕೊಬ್ಬಿದ ಟಗರಿನ ಹಿಂದೆ ಕೈ ಹಾಕಿ, ಏನೂ ಸಿಗದೆ, ಬಿಸಿ ತಾಗಿದವರಂತೆ ಕೈ ತೆಗೆದರು.

"ಕ್ಯಾ ಭೀಮಾ ಆಪಾ, ಇಡೀ ಜಿಲ್ಲಾದ ಐಬು ನಿನ್ನ ದೊಡ್ಡ್ಯಾಗೇ ಅದಾ ಏನು? ಇವಕ್ಕ ನೀ ದಿನಾ ಮೇವು ಹಾಕ್ತಿ, ಇವು ನಿನಗೇನ್ ಹಾಕ್ತಾವ?"

"ಹಿಕ್ಕಿ ಹಾಕ್ತಾವ ಖಾಜಾಭಾಯಿ. ಒಂದು ಬುಟ್ಟಿ ಕಟ್ಟಿಕೊಡ್ಲೇನು?"

ದೊಡ್ಡಪ್ಪ ಧೊಂಡಿಬಾ ರುಮಾಲಿನ ಚುಂಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ನಗುವುದೇ ಕಮ್ಮಿ. ಮಾತು ಅದಕ್ಕಿಂತ ಕಮ್ಮಿ. ವರ್ಷದ ಅರ್ಧ ಹಿಂಡಿನ ಜೊತೆ ಊರೂರು ತಿರುಗಿ, ಯಾರದೋ ಹೊಲದಲ್ಲಿ ಕುರಿ ಕೂಡಿಸಿ, ಆಕಾಶ ನೋಡಿಕೊಂಡು ಬದುಕಿದವರಿಗೆ ಮಾತು ಹೆಚ್ಚು ಬೇಕಾಗುವುದಿಲ್ಲವೋ ಏನೋ.

ಕುಂಟು ಮರಿಯನ್ನು ದೊಡ್ಡವ್ವ ತೆಗೆದುಕೊಳ್ಳುವುದಿಲ್ಲ. ಕುರುಡು ಮರಿಯನ್ನೂ ಇಲ್ಲ. ಬಾಲದ ಐಬು ಮಾತ್ರ. ಯಾಕೆಂದು ನಾನು ಕೇಳಿದಾಗ "ಯಾಕಂದ್ರ ಯಾಕ. ನಿನಗ ಬ್ಯಾರೆ ಕೆಲಸ ಇಲ್ಲೇನು?" ಎಂದು ಬೈದಿದ್ದಳು. ಉತ್ತರ ಸಿಕ್ಕಿದ್ದು ನನ್ನ ತವರಿನಲ್ಲಿ, ನನ್ನ ಅವ್ವನ ಬಾಯಿಂದ.

ನನ್ನ ತವರೂ ದೊಡ್ಡವ್ವನ ತವರೂ ಒಂದೇ, ಭಾಲ್ಕಿ ತಾಲೂಕಿನ ಸಾಯಗಾಂವ. ನನ್ನ ಮದುವೆಗೆ ಮಾತು ತಂದವಳೂ ಅವಳೇ. ನನ್ನ ಮಗಳು ಗುಡಿಯಾ ಹೊಟ್ಟೆಯಲ್ಲಿದ್ದಾಗ ನಾನು ಹೆರಿಗೆಗೆ ಮುಂಚೆ ತವರಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ಒಲೆಯಲ್ಲಿ ಕೆಂಪಗಾಗಿದ್ದ ಕಬ್ಬಿಣದ ಊದುಗೊಳವೆ ತೆಗೆಯಲು ಹೋದೆ. ಅವ್ವ ಓಡಿಬಂದು ಕೈ ಹಿಡಿದಳು.

"ಬಸುರಿ ಇದ್ದಾಗ ಕಾಸಿದ ಕಬ್ಬಿಣ ಮುಟ್ಟಬ್ಯಾಡ."

"ಹಂಗಾದ್ರ ರೊಟ್ಟಿ ಹಂಚು ಯಾವುದರಿಂದ ಮಾಡ್ಯಾರಬೇ? ಬೆಲ್ಲದಿಂದ ಏನು?"

ಅವ್ವ ನಗಲಿಲ್ಲ. ಒಲೆ ಮುಂದೆ ಕೂತು, ದನಿ ತಗ್ಗಿಸಿ, ಭೀಮಕ್ಕನ ಕತೆ ಹೇಳಿದಳು.

ಭೀಮಬಾಯಿ ಆಗ ಇಪ್ಪತ್ತರ ಹುಡುಗಿ, ಚೊಚ್ಚಲ ಬಸುರಿ, ಏಳನೆಯ ತಿಂಗಳು. ಗಂಡ ಹಿಂಡು ಹೊಡೆದುಕೊಂಡು ದೇಗಲೂರಿನ ಕಡೆ ಹೋಗಿದ್ದ. ಮನೆಯಲ್ಲಿ ಉಳಿದಿದ್ದ ಒಂದು ಎಳೆಮರಿಯ ಬಾಲವನ್ನು ನಾಯಿ ಕಚ್ಚಿ, ಗಾಯಕ್ಕೆ ಹುಳ ಬಿದ್ದು, ಕೊಳೆ ಮೇಲಕ್ಕೆ ಏರುತ್ತಿತ್ತು. ಬೆನ್ನಿಗೆ ಏರಿದರೆ ಮರಿ ಉಳಿಯುವುದಿಲ್ಲ. ಅತ್ತೆ ಮನೆಯಲ್ಲಿರಲಿಲ್ಲ. ಹುಡುಗಿ ಕುಡಗೋಲನ್ನು ಒಲೆಯಲ್ಲಿಟ್ಟು ಕೆಂಪಗೆ ಕಾಸಿದಳು, ಬಾಲದ ಬುಡಕ್ಕೆ ದಾರ ಬಿಗಿದಳು, ಕತ್ತರಿಸಿ, ರಕ್ತ ನಿಲ್ಲಲೆಂದು ಕಾದ ಕಬ್ಬಿಣ ಒತ್ತಿದಳು. ಮರಿ ಒಮ್ಮೆ ಕಿರುಚಿ, ಎದ್ದು, ತಾಯಿಯ ಕೆಚ್ಚಲಿಗೆ ಹೋಯಿತು. ಬದುಕಿತು ಕೂಡ. ಆದರೆ ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದಳು. ಕುರಿಯವರ ಮನೆಯಲ್ಲಿ ಬಸುರಿಯಾದವಳು ಜೀವದ ಮೇಲೆ ಕಬ್ಬಿಣ ಇಡಬಾರದು ಅನ್ನುವುದು ಹಳೆಯ ಕಟ್ಟಳೆ. ಅತ್ತೆ ಕೈಯನ್ನು ಬಾಯಿಗೆ ಒಯ್ದಳು.

ಹೆರಿಗೆ ಸಾಯಗಾಂವದಲ್ಲಿ ಆಯಿತು. ಗಂಡುಮಗು. ಗಟ್ಟಿ ಅಳು, ಗಟ್ಟಿ ಹಿಡಿತ. ಆದರೆ ಹೊಟ್ಟೆಯ ಹೊಲಸು ಹೊರಗೆ ಹೋಗಲಿಲ್ಲ. ಔಡಲೆಣ್ಣೆಯಲ್ಲಿ ಹತ್ತಿ ಅದ್ದಿ ಬಾಯಿಗೆ ಹಿಂಡಿದರು. ಮತ್ತೆ ಹಿಂಡಿದರು. ಹೊಟ್ಟೆ ಉಬ್ಬುತ್ತ ಹೋಯಿತು. ಕೊನೆಗೆ ಭೀಮಬಾಯಿಯ ಅವ್ವ ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ, ಹಳೆಯ ಕಾಲದ ಉಪಾಯದಂತೆ ಕೂಸಿನ ಹಿಂದೆ ಇಡಲು ಹೋದಾಗಲೇ ಗೊತ್ತಾಯಿತು, ತೊಟ್ಟು ಇಡುವುದಕ್ಕೆ ಅಲ್ಲಿ ಜಾಗವೇ ಇಲ್ಲ. ತೊಗಲು ನುಣ್ಣಗೆ ಮುಚ್ಚಿಕೊಂಡಿತ್ತು. ಅಷ್ಟು ದಿನ ಕೂಸನ್ನು ಯಾರೂ ಪೂರ್ತಿ ಬಿಚ್ಚಿ ನೋಡಿರಲಿಲ್ಲ. ಗಾಳಿ ತಾಗಬಾರದೆಂದು ಸುತ್ತಿಯೇ ಇಟ್ಟಿದ್ದರು.

ಸುದ್ದಿ ಎಕಂಬಾಕ್ಕೆ ಹೋಯಿತು. ಅತ್ತೆಯಿಂದ ತಿರುಗಿ ಬಂದ ಮಾತು ಇಷ್ಟು: "ಮರೀದು ಸುಟ್ಟಳು, ಮಗಂದು ಮುಚ್ಚಿತು. ದೇವರು ಮುಚ್ಚಿದ್ದು ಮನಷ್ಯಾ ತೆಗೀತಾನೇನು?"

ಭಾಲ್ಕಿಯ ದವಾಖಾನೆಯ ಮಾತು ಯಾರೂ ಎತ್ತಲಿಲ್ಲ. ಐದನೆಯ ದಿನ ನಮ್ಮಲ್ಲಿ ಪಾಚವಿ. ಅವತ್ತು ಸಟವಿ ಅನ್ನುವ ದೇವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ಪಕ್ಕದಲ್ಲಿ ಖಾಲಿ ಹಾಳೆ, ಪೆನ್ನು ಇಡುತ್ತಾರೆ. ಹಾಳೆ ಇಟ್ಟರು. ದೀಪ ಹಚ್ಚುವ ಹೊತ್ತಿಗೆ ಕೂಸು ಹೋಗಿತ್ತು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಹೆಸರಿಟ್ಟಿರಲಿಲ್ಲವಾದ್ದರಿಂದ ಆಮೇಲೆ ಕರೆಯುವುದಕ್ಕೂ ಏನೂ ಇರಲಿಲ್ಲ.

"ಆ ಮ್ಯಾಲಿಂದ ಹಿಡದಾಳ ನೋಡು ಈ ಬಾಲದ ಹುಚ್ಚು" ಎಂದಳು ಅವ್ವ. "ಹುಚ್ಚಲ್ಲ ಅದು. ದಂಡ ತೆರತಾಳ."

ಮುಂದೆ ದೊಡ್ಡವ್ವನಿಗೆ ಮಗಳು ಹುಟ್ಟಿದಳು, ಮಲ್ಲೇಶ್ವರಿ. ಗಟ್ಟಿಮುಟ್ಟಾಗಿ ಬೆಳೆದು ಉದಗೀರಿನ ಕಡೆ ಸಂಸಾರ ಮಾಡಿಕೊಂಡಿದ್ದಾಳೆ. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಆ ಕೂಸಿನ ಮಾತು ಮಾತ್ರ ಆ ಮನೆಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ.

ಈ ಸಲ ಎಳ್ಳ ಅಮಾವಾಸ್ಯೆಗೆ ನಾವು ಬೀದರದಿಂದ ಎಕಂಬಾಕ್ಕೆ ಹೋದೆವು. ಅಮೋಲ್ ಬೀದರದಲ್ಲಿ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುತ್ತಾನೆ. ರಜೆ ಒಂದೇ ದಿನ. ಹಬ್ಬ ಮುಗಿಸಿ ಅವನು ಬೈಕಿನಲ್ಲಿ ಹೊರಟ, ನಾನೂ ಗುಡಿಯಾಳೂ ಉಳಿದೆವು. ಮರುದಿನ ಬೆಳಿಗ್ಗೆ ಹಿಂದಿನ ದಿನದ ಭಜ್ಜಿ, ಸಜ್ಜೆರೊಟ್ಟಿ ಕಟ್ಟಿಕೊಂಡು ದೊಡ್ಡವ್ವನ ಜೊತೆ ಹೊಲಕ್ಕೆ ಹೋದೆ. ತೊಗರಿಯ ಸಾಲಿನ ಪಕ್ಕದಲ್ಲಿ ಒಂದು ಕುರಿ ಈಯುತ್ತಿತ್ತು. ಅವಳ ಐಬಿನವುಗಳಲ್ಲಿ ಒಂದಲ್ಲ, ದೊಡ್ಡಪ್ಪನ ಹಿಂಡಿನ ಒಳ್ಳೆಯ ಕುರಿ.

ದೊಡ್ಡವ್ವ ಮರಿಯ ಮೂಗಿನ ಲೋಳೆ ತೆಗೆದಳು, ಹುಲ್ಲಿನಿಂದ ಮೈ ತಿಕ್ಕಿದಳು. ಕೈ ಎಂದಿನಂತೆ ಬೆನ್ನಿನ ಮೇಲೆ ಜಾರಿ ಹಿಂದಕ್ಕೆ ಹೋಯಿತು. ನಿಂತಿತು. ಬೆರಳು ಅಲ್ಲೇ ಏನನ್ನೋ ಹುಡುಕಿತು. ಮತ್ತೆ ಹುಡುಕಿತು. ಆಮೇಲೆ ಅವಳು ಮರಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು.

ದೊಡ್ಡಪ್ಪ ಬಂದು ಬಗ್ಗಿ ನೋಡಿದರು. "ಬಾಲ ಇಲ್ಲಾ? ಇರ್ಲಿ ಬಿಡು. ನಿನ್ನ ಸಂತ್ಯಾಗ ಇನ್ನೊಂದು."

"ಬಾಲ ಇಲ್ದಿದ್ರ ಹಿಂಗ ಕುಂಡರ್ತಿದ್ದೆನೇನ್ರಿ? ದಾರಿನೂ ಇಲ್ಲ ಇದಕ್ಕ."

ದೊಡ್ಡಪ್ಪ ಕುರಿಯನ್ನು ನೋಡಿದರು, ತೊಗರಿಯನ್ನು ನೋಡಿದರು, ಹೆಂಡತಿಯನ್ನು ನೋಡಲಿಲ್ಲ. "ಹಂಗಾದ್ರ ಹೋಗ್ತದ ಬಿಡು" ಎಂದು ಹಿಂಡಿನ ಕಡೆ ನಡೆದರು.

ಗುಡಿಯಾ ನನ್ನ ಸೊಂಟದ ಮೇಲಿದ್ದಳು. ಸುಮ್ಮನೆ ಕೂತರೆ ಕೆಲಸವಾಗುವುದಿಲ್ಲವಲ್ಲ. ಅಮೋಲನ ಜೊತೆ ಓದಿದ ವಿಶ್ವಾಸ ಬೀದರದಲ್ಲಿ ದನದ ಡಾಕ್ಟರು. ಮರಿಯ ಹಿಂಭಾಗದ ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿದರು. ದೊಡ್ಡವ್ವನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ವೈನಿ, ಹಾಲು ಭಾಳ ಕುಡಸಬ್ಯಾಡ್ರಿ, ಜಲ್ದಿ ತೊಗೊಂಡು ಬರ್ರಿ. ಬರೇ ತೊಗಲಿನ ಪರದಾ ಇದ್ರ ಒಂದು ಸಣ್ಣ ಕೊಯ್ತ ಸಾಕು. ಒಳಗ ಕರಳೇ ಮುಟ್ಟಿಲ್ಲಂದ್ರ ತ್ರಾಸ ಅದ. ನೋಡಿದ ಮ್ಯಾಲೇ ಹೇಳ್ತೇನಿ."

ದೊಡ್ಡವ್ವ ನನ್ನ ಮುಖ ನೋಡಿದಳು. "ಏನಂದಾ ಅವ? ತೆಗೀತಾರಂತ?"

"ತೆಗೀಬಹುದಂತ್ರಿ."

"ದೇವರು ಮುಚ್ಚಿದ್ದನ್ನ?"

"ಬ್ಲೇಡ್‌ಲೆ" ಎಂದೆ.

ಅವಳು ಎದ್ದಳು. ಕಾಲಿನ ಮಣ್ಣು ಕೂಡ ಕೊಡವಲಿಲ್ಲ. "ಬಸ್ ಯಾವಾಗದ ಕೇಳು."

ಔರಾದಿಗೆ ಬಂದು ಬೀದರದ ಬಸ್ಸು ಹತ್ತಿದೆವು. ನನ್ನ ತೊಡೆಯ ಮೇಲೆ ಗುಡಿಯಾ, ದೊಡ್ಡವ್ವನ ಸೆರಗಿನಲ್ಲಿ ಮರಿ. ಕಂಡಕ್ಟರು ಬಂದ.

"ಅಜ್ಜೀ, ಸೆರಗಿನಾಗ ಏನದ?"

"ಮೊಮ್ಮಗ."

ಮರಿ ಅದೇ ಹೊತ್ತಿಗೆ ಕೂಗಬೇಕೆ? ಇಡೀ ಬಸ್ಸು ನಕ್ಕಿತು. "ಮೊಮ್ಮಗ ಥೇಟ್ ಅಜ್ಜನ ದನಿ ತೆಗದಾನ" ಎಂದ ಕಂಡಕ್ಟರು. "ಬಾಲ ಇದ್ದವರಿಗೆ ಲಗೇಜ್ ಟಿಕೆಟ್ ಅದ ಅಜ್ಜಿ, ರೊಕ್ಕಾ ತೆಗಿ."

"ಬಾಲ ಇದ್ದವರಿಗೆ ತಾನೆ? ನೋಡು" ಎಂದು ಸೆರಗು ಸರಿಸಿ ಮರಿಯ ಹಿಂಭಾಗ ತೋರಿಸಿದಳು. ಅವನು ಟಿಕೆಟ್ಟಿನ ಮಷಿನು ಬಗಲಲ್ಲಿ ಹಿಡಿದುಕೊಂಡು ಮುಂದೆ ಹೋದ. ಜನವಾಡದಲ್ಲಿ ಹತ್ತಿದ ಹೆಂಗಸರಿಗೆ ಹಿಂದಿನ ಸೀಟಿನವರು ಈ ಮಾತು ಮತ್ತೆ ಹೇಳಿ ನಗಿಸಿದರು. ದೊಡ್ಡವ್ವನೂ ನಗುತ್ತಿದ್ದಳು. ಆದರೆ ಸೆರಗಿನೊಳಗೆ ಅವಳ ಅಂಗೈ ಮರಿಯ ಹೊಟ್ಟೆಯ ಮೇಲಿತ್ತು, ಎಷ್ಟು ಉಬ್ಬಿದೆ ಎಂದು ನೋಡುತ್ತಿತ್ತು. ಅದು ನನಗೆ ಕಾಣುತ್ತಿತ್ತು.

ವಿಶ್ವಾಸ ಮರಿಯನ್ನು ಮೇಜಿನ ಮೇಲೆ ಮಲಗಿಸಿ, ಒತ್ತಿ ನೋಡಿ, "ನಸೀಬ ಛಲೋ ಅದ. ಕರಳು ತೊಗಲಿನ ತನಕ ಬಂದದ" ಎಂದರು. ಕೂದಲು ತೆಗೆದು, ಮರಗಟ್ಟುವ ಸೂಜಿ ಚುಚ್ಚಿದರು. ಕೂಡಿಸುವ ಲೆಕ್ಕದ ಗುರುತಿನಂಥ ಒಂದು ಸಣ್ಣ ಕೊಯ್ತ. ಡಾಂಬರಿನಂಥ ಕಪ್ಪು ಹೊಲಸು ಭಸ್ಸನೆ ಹೊರಗೆ ಬಂತು. ನಾಲ್ಕು ಕಡೆ ಹೊಲಿಗೆ ಹಾಕಿದರು. ಅಷ್ಟೇ. ಗುಡಿಯಾ ಒಂದು ಬಿಸ್ಕೀಟು ತಿಂದು ಮುಗಿಸಿರಲಿಲ್ಲ.

ದೊಡ್ಡವ್ವ ಮರಿಯ ತಲೆ ಹಿಡಿದು ನಿಂತಿದ್ದಳು. ಕಣ್ಣು ಮಾತ್ರ ಡಾಕ್ಟರ ಕೈ ಬಿಟ್ಟಿರಲಿಲ್ಲ.

"ಡಾಕ್ಟರ್, ಇದು ಯಾಕ ಹಿಂಗ ಆಗ್ತದರಿ?"

"ಬಾಲ, ಆ ದಾರಿ, ಎರಡೂ ಹೊಟ್ಟ್ಯಾಗ ಒಂದೇ ಕಡೆ, ಒಂದೇ ಹೊತ್ತಿಗೆ ತಯಾರಾಗ್ತಾವ ಅವ್ವಾ. ಅಲ್ಲೇ ಎಲ್ಲೋ ಕೆಲಸ ಅರ್ಧಕ್ಕ ನಿಂತಿರ್ತದ. ಅದಕ್ಕ ಬಾಲ ಇಲ್ಲದ ಮರಿ ಹುಟ್ಟಿದ್ರ ಮೊದಲ ಕೆಳಗ ನೋಡಬೇಕು."

"ಯಾವಾಗ ಆಗ್ತದ ಅದು? ದಿನ ತುಂಬಿದ ಮ್ಯಾಲಾ?"

"ಛೇ ಛೇ. ಭಾಳ ಮೊದಲು. ಗಬ್ಬ ಕಟ್ಟೇದ ಅಂತ ನಿಮಗ ಗುರುತು ಸಿಗೋದ್ರಾಗ ಅದರ ಹಣಿಬರಹ ಮುಗದಿರ್ತದ."

ದೊಡ್ಡವ್ವ ಮರಿಯ ತಲೆ ಬಿಡದೆ ಕೇಳಿದಳು. "ಹೆಂಗಸರಿಗೂ ಹಂಗೇ ಏನ್ರಿ? ಏಳು ತಿಂಗಳ ಬಸುರಿ ಇದ್ದಾಗ... ಕಾಸಿದ ಕುಡಗೋಲು ಹಿಡದ್ರ?"

ವಿಶ್ವಾಸರಿಗೆ ಏನೂ ಗೊತ್ತಿರಲಿಲ್ಲ. ಕೈ ತೊಳೆಯುತ್ತ ನಕ್ಕರು. "ಕುಡಗೋಲಿಗೂ ಅದಕ್ಕೂ ಏನ್ ಸಂಬಂಧರಿ? ಏಳು ತಿಂಗಳಿಗೆ ಎಲ್ಲಾ ಆಗಿ ಹೋಗಿರ್ತದ. ಮನಷ್ಯಾರಾಗೂ ಇಂಥ ಕೂಸು ಹುಟ್ಟತಾವ, ಯಾರ ತಪ್ಪೂ ಇರಂಗಿಲ್ಲ. ಆಪರೇಶನ್ ಮಾಡ್ತಾರ. ಕೆಲವಕ್ಕ ಎರಡು ಮೂರು ಸಲ ಮಾಡಬೇಕಾಗ್ತದ, ಕೆಲವು ಇದರಂಗ ಸಸಾರ."

"ಈಗ ಮಾಡ್ತಾರ. ಮೊದಲು?"

ನಾನು ಹಿಂದಿನಿಂದ ವಿಶ್ವಾಸರಿಗೆ ಕಣ್ಣಿನಲ್ಲೇ ಬೇಡ ಎಂದೆ. ಅವರು ಟವೆಲ್ಲಿನ ಕಡೆ ತಿರುಗಿದ್ದರು.

"ಮೊದಲೂ ಮಾಡ್ತಿದ್ರು. ಸೊಲ್ಲಾಪುರ, ಹೈದರಾಬಾದಿಗೆ ಕಳಸ್ತಿದ್ರು. ಜಲ್ದಿ ಒಯ್ದ್ರ ಉಳೀತಿದ್ವು ಎಷ್ಟೋ."

ಹೊರಡುವಾಗ ಅವರು ಹೇಳಿದ್ದು: ಹೊಸ ದಾರಿ ಕೂಡಿಕೊಳ್ಳಲು ನೋಡುತ್ತದೆ, ಗಾಯ ಮಾಯುವ ತನಕ ದಿನಾ ಕಿರುಬೆರಳಿಗೆ ಎಣ್ಣೆ ಹಚ್ಚಿ ತೆರವು ಮಾಡಬೇಕು, ಮರೆಯಬಾರದು. ನಾನು ಎಲ್ಲ ಕೇಳಿಸಿಕೊಂಡೆ, ಮುಲಾಮು ತೆಗೆದುಕೊಂಡೆ. ದೊಡ್ಡವ್ವ ಮರಿಯನ್ನು ಎತ್ತಿಕೊಂಡು ಆಗಲೇ ಗೇಟಿನ ಹೊರಗೆ ಹೋಗಿದ್ದಳು.

ಅಲ್ಲೊಂದು ಚಹಾದ ಗಾಡಿ ಇತ್ತು. ಅವಳನ್ನು ಕಲ್ಲಿನ ಮೇಲೆ ಕೂರಿಸಿ ಚಹಾ ತಂದುಕೊಟ್ಟೆ. ಕುಡಿಯಲಿಲ್ಲ. ಗುಡಿಯಾಳನ್ನು ನೋಡುತ್ತ ಕೇಳಿದಳು.

"ಇಕಿ ಹುಟ್ಟಿದಾಗ ದವಾಖಾನ್ಯಾಗ ನೋಡಿದ್ರಾ?"

"ಏನ್ರಿ?"

"ಅದೇ. ದಾರಿ."

"ನೋಡಿದ್ರಿ. ಹುಟ್ಟಿದ ಕೂಡಲೇ ನರ್ಸಬಾಯಿ ಬಿಚ್ಚಿ ನೋಡಿದ್ಳು. ಬಾಯಿ, ಬೆರಳು, ಬೆನ್ನು, ಎಲ್ಲಾ."

"ಎಷ್ಟೊತ್ತು ನೋಡಿದ್ಳು?"

ಎಷ್ಟು ಹೊತ್ತೆಂದು ಹೇಳಲಿ? ನೋಡಲು ಹೊತ್ತೇ ಹಿಡಿದಿರಲಿಲ್ಲ.

"ನಾ ಮಾಡಿದ್ದು ಅಂತಿದ್ದೆ ಆರತಿ. ಈ ಕೈ ಮಾಡಿದ್ದು ಅಂತಿದ್ದೆ. ಹಂಗಂದ್ರ ಅವ ಸಾಯಲೇಬೇಕಿತ್ತು. ನಾ ತಪ್ಪು ಮಾಡೇನಿ, ಅವ ಹೋದಾ, ಲೆಕ್ಕ ಚುಕ್ತಾ. ಐಬಿನ ಮರಿಗೋಳ ಮುಕಳಿ ತೊಳಕೋತ ನನ್ನ ಜೀವಮಾನ ಕಳದೆ. ಈಗ ಅವ ಡಾಕ್ಟರ್ ಏನಂದಾ? ನನ್ನ ತಪ್ಪು ಇಲ್ಲಂದಾ. ಹಂಗಾದ್ರ ಅವ ಸಾಯೋದೇ ಬೇಕಿರಲಿಲ್ಲ ಅಂದಂಗಾತಿಲ್ಲಾ?"

"ಆವಾಗ ಯಾರಿಗೂ ಗೊತ್ತಿರಲಿಲ್ಲ ದೊಡ್ಡವ್ವಾ. ನಿಮ್ಮವ್ವಗೂ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಖರೆ. ಒಯ್ಯಾಕ ಏನಾಗಿತ್ತು? ಸಾಯಗಾಂವದಿಂದ ಭಾಲ್ಕಿ ಸಂತಿಗೆ ಬಂಡಿ ಹೋಗ್ತಿತ್ತವ್ವಾ. ಜ್ವಾಳದ ಚೀಲ ಹೇರಿಕೊಂಡು ಹೋಗ್ತಿತ್ತು. ಆಡು ಕಟಗೊಂಡು ಹೋಗ್ತಿತ್ತು. ಇಷ್ಟಕೊಂದು ಕೂಸಿಗೆ ಅದರಾಗ ಜಾಗ ಇರಲಿಲ್ಲೇನು?"

ಕೈಯಲ್ಲಿ ಮೊಳಕೈ ಉದ್ದದಷ್ಟು ತೋರಿಸಿದಳು. ತೋರಿಸಿದ ಕೈಯನ್ನು ಇಳಿಸಲು ಮರೆತವಳಂತೆ ಹಾಗೇ ಇಟ್ಟುಕೊಂಡಿದ್ದಳು. ಚಹಾದವನು ಲೋಟ ಕೇಳಲು ಬಂದವನು ಕೇಳದೆ ತಿರುಗಿ ಹೋದ.

"ಮೊದಲ ನನ್ನ ಮ್ಯಾಲ ಸಿಟ್ಟಿತ್ತು" ಎಂದಳು. "ಈಗ ಯಾರ ಮ್ಯಾಲ ಮಾಡ್ಲಿ? ಎಲ್ಲಾರೂ ಸತ್ತು ಹೋಗ್ಯಾರ."

ಬೀದರದ ನಮ್ಮ ಮನೆಗೆ ಬಾ, ಎರಡು ದಿನ ಇದ್ದು ಹೋಗು ಎಂದರೆ ಒಪ್ಪಲಿಲ್ಲ. ಮರಿಗೆ ತಾಯಿ ಬೇಕು ಎಂದಳು. ಅದೂ ನಿಜವೇ. ಅವಳೊಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಎಕಂಬಾಕ್ಕೆ ಮರಳಿದೆ. ಅಮೋಲನಿಗೆ ಫೋನಿನಲ್ಲಿ ಹೇಳಿದಾಗ "ಒಂದು ಮರಿ ಸಲುವಾಗಿ ಎಷ್ಟು ದಿನ?" ಎಂದು ಗೊಣಗಿದ. ಆಮೇಲೆ ಏನೆಂದುಕೊಂಡನೋ, "ಇರು. ನಾ ಡಬ್ಬಿ ತರಿಸಿಕೋತೇನಿ" ಎಂದ.

ಮರಿ ತಾಯಿಯ ಹಾಲು ಕುಡಿಯಿತು, ಸರಾಗವಾಗಿ ಹಿಕ್ಕಿಯನ್ನೂ ಹಾಕಿತು. ಊರಿನವರು ಒಬ್ಬೊಬ್ಬರೇ ನೋಡಲು ಬಂದರು. "ಭೀಮಕ್ಕಾ, ಬೀದರದಾಗ ತೂತು ಮಾಡಿಸಿಕೊಂಡು ಬಂದಿ ಅಂತ, ಬಾಲನೂ ಒಂದು ಹೊಲಿಸಿಕೊಂಡು ಬರಬೇಕಿಲ್ಲೇನು?" ಎಂದು ಒಬ್ಬಳು ಚಾಷ್ಟಿ ಮಾಡಿದಳು. ಬೇರೆ ದಿನವಾಗಿದ್ದರೆ ದೊಡ್ಡವ್ವ ಒಂದಕ್ಕೆ ಎರಡು ಕೊಡುತ್ತಿದ್ದಳು. ಅವತ್ತು ತಲೆಯನ್ನೇ ಎತ್ತಲಿಲ್ಲ. ಎರಡು ರೊಟ್ಟಿ ತಿನ್ನುವವಳು ಅರ್ಧ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟಳು.

ಮರುದಿನ ಬೆಳಿಗ್ಗೆ ನಾನು ಬಟ್ಟಲಲ್ಲಿ ಎಣ್ಣೆ ಕಾಸಿ ತಂದೆ. ಗುಡಿಯಾ ಅಂಗಳದಲ್ಲಿ ತೆವಳುತ್ತಿದ್ದಳು. ದೊಡ್ಡಪ್ಪ ಹಿಂಡು ಬಿಡಲು ಕೋಲು ಹಿಡಿದು ನಿಂತಿದ್ದರು. ದೊಡ್ಡವ್ವ ಮರಿಯನ್ನು ಮಡಿಲಿಗೆ ಎಳೆದುಕೊಂಡು, ಕಿರುಬೆರಳನ್ನು ಎಣ್ಣೆಯಲ್ಲಿ ಅದ್ದಿದಳು. ಬೆರಳು ಮರಿಯ ಹತ್ತಿರ ಹೋಗಿ ನಿಂತಿತು. ಎಷ್ಟೋ ಮಳೆಗಾಲ ನೊಣ ಹುಳ ತೆಗೆದ ಕೈ. ಅವತ್ತು ಮುಂದೆ ಹೋಗಲಿಲ್ಲ. ಎಣ್ಣೆ ಹನಿಹನಿಯಾಗಿ ಸೀರೆಯ ಮೇಲೆ ಬಿತ್ತು.

"ಇಷ್ಟೇ" ಎಂದಳು. "ನೋಡು, ಇಷ್ಟೇ ಕೆಲಸ ಅದ. ಒಂದು ಬೆರಳ ಎಣ್ಣಿ." ಮರಿಯನ್ನು ನನ್ನ ಕಡೆ ದೂಡಿದಳು. "ನನ್ನ ಕಡಿಂದ ಆಗಂಗಿಲ್ಲ ಆರತಿ. ಬ್ಯಾರೆ ಯಾರಿಗಾದ್ರೂ ಕೊಟ್ಟುಬಿಡು ಇದನ್ನ. ನನ್ನ ಮುಂದ ಬ್ಯಾಡ."

ನಾನು ಕೈ ಚಾಚುವುದರೊಳಗೆ ದೊಡ್ಡಪ್ಪ ಕೋಲನ್ನು ಗೋಡೆಗೆ ಒರಗಿಸಿ ಬಂದರು. ಬಾನಿಯಲ್ಲಿ ಕೈ ತೊಳೆದರು. ಕಿರುಬೆರಳಿನ ಉಗುರನ್ನು ಹಲ್ಲಿನಿಂದ ಕಡಿದು, ಕಲ್ಲಿಗೆ ತಿಕ್ಕಿ ನುಣುಪು ಮಾಡಿದರು. ಹೆಂಡತಿಯ ಎದುರು ಕುಕ್ಕುರುಗಾಲಿನಲ್ಲಿ ಕೂತು, ಮರಿಯನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು, ಎಣ್ಣೆಯಲ್ಲಿ ಬೆರಳು ಅದ್ದಿ, ನಿಧಾನಕ್ಕೆ ಕೆಲಸ ಶುರುಮಾಡಿದರು. ಮರಿ ಒದ್ದಾಡಿತು, ಆಮೇಲೆ ಸುಮ್ಮನಾಯಿತು.

ತಲೆ ಎತ್ತದೆ ಹೇಳಿದರು, "ದೇಗಲೂರಿಗೆ ನನಗೂ ಸುದ್ದಿ ಬಂದಿತ್ತು. ಬ್ಯಾನಿ ಅದ ಕೂಸಿಗೆ ಅಂತ. ಹಿಂಡು ಅಲ್ಲೇ ಬಿಟ್ಟು ಎಕಂಬಾ ತನಕ ಓಡಿ ಬಂದೆ. ಅವ್ವ ಸಾಯಗಾಂವಕ್ಕ ಹೋಗಬ್ಯಾಡ ಅಂದಳು. ಹೋಗಲಿಲ್ಲ."

ದೊಡ್ಡವ್ವ ಅವರನ್ನೇ ನೋಡುತ್ತಿದ್ದಳು. ಈ ಮಾತು ಅವಳು ಕೇಳುತ್ತಿದ್ದುದು ಅದೇ ಮೊದಲು ಎಂದು ಅವಳ ಮುಖವೇ ಹೇಳುತ್ತಿತ್ತು.

"ಹ್ಯಾಂಗಿದ್ದ?" ಎಂದರು ದೊಡ್ಡಪ್ಪ.

"ಯಾರು?"

"ಅವ."

ಗುಡಿಯಾ ಏನನ್ನೋ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಸದ್ದಾಗದಂತೆ ಅವಳನ್ನು ಎತ್ತಿಕೊಂಡು ಬಾಗಿಲ ಪಕ್ಕಕ್ಕೆ ಸರಿದೆ.

"ಕೂದಲ ಭಾಳ ಇತ್ತು" ಎಂದಳು ದೊಡ್ಡವ್ವ. "ಹಣಿ ತುಂಬಾ. ಕಿವಿ ನಿಮ್ಮಂಗ, ಹಾಲಿ ಕೆನ್ನಿಗೆ ಅಂಟಿದ್ದು. ನಮ್ಮವ್ವ ನೋಡಿದ ಕೂಡಲೇ ಅಂದಳು, ಅಳಿಯಂದೇ ಕಿವಿ ಅಂತ."

ದೊಡ್ಡಪ್ಪ ಎಣ್ಣೆಯ ಕೈಯನ್ನು ಕಿವಿಯ ತನಕ ಒಯ್ದು, ಮುಟ್ಟದೆ ಇಳಿಸಿದರು.

"ಅಳ್ತಿದ್ದನಾ?"

"ಮೊದಲ ಅಳ್ತಿದ್ದ, ಊರಿಗೆ ಕೇಳೋ ಹಂಗ. ಆಮ್ಯಾಲ ಅಳಲಿಲ್ಲ. ನನ್ನ ಬೆರಳು ಹಿಡದಾ. ನಾ ಬಿಡಿಸಿಕೊಳ್ಳಾಕ ಹೋದ್ರ ಬಿಡಲಿಲ್ಲ."

"ಹಾಲು?"

"ಕುಡದಾ ರೀ. ಕೊಟ್ಟಷ್ಟೂ ಕುಡದಾ."

ದೊಡ್ಡಪ್ಪನ ಕೈ ಮರಿಯ ಬೆನ್ನಿನ ಮೇಲೆ ಹಾಗೇ ನಿಂತಿತ್ತು. ರುಮಾಲಿನ ಚುಂಗು ಕಣ್ಣಿನ ಮೇಲೆ ಬಿದ್ದಿತ್ತು, ಅದನ್ನು ಸರಿಸಲಿಲ್ಲ. ಕೇಳಿದರು, "ಮತ್ತ?"

"ಮತ್ತೇನದ" ಎಂದಳು ದೊಡ್ಡವ್ವ. "ಸೀನಿದಾ ಒಮ್ಮೆ. ನಿದ್ದ್ಯಾಗ ನಕ್ಕಾ. ಐದು ದಿನದಾಗ ಕೂಸು ಏನೇನ್ ಮಾಡ್ತದ, ಅದೆಲ್ಲಾ ಮಾಡಿದಾ."